ಸೀಟು ಸಿಗದ ಚಿತ್ರಕಾರ

ಫಲಿತಾಂಶದ ಪಟ್ಟಿಯಲ್ಲಿ ತನ್ನ ಹೆಸರಿಲ್ಲ ಎಂದು ತಿಳಿದ ಹುಡುಗ ಮೊದಲು ಮಾಡುವ ಕೆಲಸವೇನು? ಯಾರಿಗೂ ಹೇಳದೆ ಸುಮ್ಮನಿರುವುದು. 1907ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಹದಿನೆಂಟರ ಹುಡುಗನೊಬ್ಬ ಮಾಡಿದ್ದೂ ಅದನ್ನೇ. ಅಲ್ಲಿನ ಲಲಿತಕಲಾ ಅಕಾಡೆಮಿಯ ಪ್ರವೇಶ ಪರೀಕ್ಷೆಗೆ ಕೂತವರು ನೂರಕ್ಕೂ ಹೆಚ್ಚು ಮಂದಿ, ಸೀಟು ಸಿಕ್ಕಿದ್ದು 28 ಮಂದಿಗೆ. ಈತ ಮೊದಲ ಸುತ್ತು ದಾಟಿ ಎರಡನೆಯದರಲ್ಲಿ ಬಿದ್ದ. ಕಟ್ಟಡಗಳನ್ನು ಅಚ್ಚುಕಟ್ಟಾಗಿ ಬರೆಯುತ್ತಿದ್ದ. ಮನುಷ್ಯರ ಮುಖ ಮಾತ್ರ ಅವನ ಕೈಗೆ ಒಲಿಯಲಿಲ್ಲ. ಮರುವರ್ಷ ಪರೀಕ್ಷೆಗೆ ಕೂರಲೂ ಬಿಡಲಿಲ್ಲ. ಒಂದೇ ಕೋಣೆಯಲ್ಲಿದ್ದ ಗೆಳೆಯ ಸಂಗೀತ ಶಾಲೆಗೆ ಹೋಗಿ ಬರುತ್ತಿದ್ದ. ಅವನಿಗೂ ಈ ಸುದ್ದಿ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಹುಡುಗನ ಹೆಸರು ಅಡಾಲ್ಫ್ ಹಿಟ್ಲರ್.

'ಅಯ್ಯೋ, ಆ ಒಂದು ಸೀಟು ಕೊಟ್ಟಿದ್ದರೆ!' ಎಂದು ಆಮೇಲೆ ಎಷ್ಟು ಜನ ಉದ್ಗರಿಸಿದ್ದಾರೋ. ಸಿನಿಮಾದವರಿಗೆ ಈ ಉದ್ಗಾರವೇ ಬಂಡವಾಳ. ಮೆನೊ ಮೇಯೆಸ್ ನಿರ್ದೇಶಿಸಿದ 'ಮ್ಯಾಕ್ಸ್' 2002ರಲ್ಲಿ ಬಂತು. ಮೊದಲ ಮಹಾಯುದ್ಧ ಆಗಷ್ಟೇ ಮುಗಿದ ಮ್ಯೂನಿಕ್ ನಗರ. ಯುದ್ಧದಲ್ಲಿ ಬಲಗೈ ಕಳೆದುಕೊಂಡ ಯಹೂದಿ ಚಿತ್ರವ್ಯಾಪಾರಿ ಮ್ಯಾಕ್ಸ್ ರಾಥ್‌ಮನ್‌ಗೆ, ಅದೇ ಯುದ್ಧದಿಂದ ಮರಳಿದ ಹರಕು ಕೋಟಿನ ಹಿಟ್ಲರ್ ಎದುರಾಗುತ್ತಾನೆ. ರಾಥ್‌ಮನ್ ಪೂರ್ತಿ ಕಲ್ಪನೆಯ ಪಾತ್ರ. ನಿನ್ನೊಳಗಿರುವುದನ್ನು ಬರಿ ಎಂದು ಅವನು ಒತ್ತಾಯಿಸುತ್ತಾನೆ. ಇವನಿಗೆ ಬರೆಯಲಾಗುವುದಿಲ್ಲ, ಸಿಟ್ಟು ಭಾಷಣದಲ್ಲಿ ಮಾತ್ರ ಸಲೀಸಾಗಿ ಹರಿಯುತ್ತದೆ. ನೋವಾ ಟೇಲರ್ ಅಭಿನಯದ ಈ ಹಿಟ್ಲರನನ್ನು ಕಂಡು ಪ್ರೇಕ್ಷಕನಿಗೆ ಕನಿಕರ ಬರುತ್ತದೆ, ಮರುಗಳಿಗೆ ತನ್ನ ಕನಿಕರಕ್ಕೇ ನಾಚಿಕೆಯಾಗುತ್ತದೆ. ಚಿತ್ರದ ಗೆಲುವು ಇರುವುದೇ ಅಲ್ಲಿ. ಕೊನೆಯಲ್ಲಿ ರಾಥ್‌ಮನ್ ಅವನ ಚಿತ್ರಗಳನ್ನು ಮೆಚ್ಚಿ, ಹೋಟೆಲಿನಲ್ಲಿ ಸಿಗೋಣ ಎನ್ನುತ್ತಾನೆ. ಆದರೆ ಹಿಟ್ಲರನ ಭಾಷಣ ಕೇಳಿ ಕೆರಳಿದವರೇ ದಾರಿಯಲ್ಲಿ ರಾಥ್‌ಮನ್‌ನನ್ನು ಹೊಡೆದು ಹಿಮದಲ್ಲಿ ಕೆಡವುತ್ತಾರೆ. ಕಾದು ಕಾದು ಬೇಸತ್ತ ಹಿಟ್ಲರ್ ಎದ್ದು ಹೋಗುತ್ತಾನೆ.

ಜಾರ್ಜ್ ಟಬೋರಿಯ ನಾಟಕವನ್ನು ಆಧರಿಸಿ 2009ರಲ್ಲಿ ಬಂದ ಇನ್ನೊಂದು ಚಿತ್ರ ವಿಯೆನ್ನಾದ ಬಡಗಂಡಸರ ವಸತಿಗೃಹದಲ್ಲಿ ನಡೆಯುತ್ತದೆ. ಅಲ್ಲೂ ಒಬ್ಬ ಯಹೂದಿ ಮುದುಕ ಈ ಒರಟು ಹುಡುಗನನ್ನು ಮಗನಂತೆ ನೋಡಿಕೊಳ್ಳುತ್ತಾನೆ.

ಎರಡೂ ಜಾಣ ಕತೆಗಳೇ. ಆದರೆ ಮನೆಯಲ್ಲಿ ಪರೀಕ್ಷೆ ಬರೆದ ಮಕ್ಕಳಿದ್ದವರು 'ಮ್ಯಾಕ್ಸ್' ನೋಡಿದರೆ ಎದೆ ಧಸಕ್ಕೆನ್ನದೆ ಇರದು. ಒಂದು ಭೇಟಿ ತಪ್ಪಿದ್ದಕ್ಕೆ, ಒಂದು ಸೀಟು ಕೈಬಿಟ್ಟದ್ದಕ್ಕೆ ಇಷ್ಟೆಲ್ಲ ಆಯಿತೇ? ಆ ಭಯ ಸಿನಿಮಾ ಹುಟ್ಟಿಸಿದ್ದು. 1907ರಲ್ಲಿ ಅದೇ ಅಕಾಡೆಮಿಯ ಬಾಗಿಲಿನಿಂದ ಹಿಂತಿರುಗಿದವರು ಇನ್ನೂ ಎಷ್ಟೋ ಜನರಿದ್ದರಲ್ಲ! ಅವರ ಮೇಲೆ ಯಾರೂ ಸಿನಿಮಾ ಮಾಡಿಲ್ಲ. ಮಾಡಲು ಕತೆಯಾದರೂ ಏನಿದ್ದೀತು?

ಇನ್ನು, ಹಿಟ್ಲರನ ಚಿತ್ರಗಳನ್ನು ಮೆಚ್ಚಿ ಕೊಳ್ಳುವ ಒಬ್ಬ ಯಹೂದಿ ಸಿಕ್ಕಿದ್ದರೆ ಎಂಬ ಪ್ರಶ್ನೆ. ಅಂಥವನು ನಿಜವಾಗಿಯೂ ಸಿಕ್ಕಿದ್ದ! ವಿಯೆನ್ನಾದಲ್ಲಿ ಗಾಜು, ಚೌಕಟ್ಟಿನ ಅಂಗಡಿ ಇಟ್ಟಿದ್ದ ಸ್ಯಾಮ್ಯುಯೆಲ್ ಮಾರ್ಗನ್‌ಸ್ಟರ್ನ್ ಅವನ ಚಿತ್ರಗಳನ್ನು ಮತ್ತೆ ಮತ್ತೆ ಕೊಂಡ, ತನ್ನ ಗಿರಾಕಿಗಳಿಗೂ ಮಾರಿದ. ಸೀಟು ಸಿಗದ ಹುಡುಗನ ಹೊಟ್ಟೆ ತುಂಬಿದ್ದರಲ್ಲಿ ಅವನ ಪಾಲೂ ಇತ್ತು. 1938ರಲ್ಲಿ ಆಸ್ಟ್ರಿಯಾ ಹಿಟ್ಲರನ ಕೈಸೇರಿದಾಗ ಮಾರ್ಗನ್‌ಸ್ಟರ್ನನ ಅಂಗಡಿಯೂ ಹೋಯಿತು. 1939ರ ಆಗಸ್ಟಿನಲ್ಲಿ ಮುದುಕ ತನ್ನ ಹಳೆಯ ಚಿತ್ರಕಾರನಿಗೇ ಪತ್ರ ಬರೆದು, ದೇಶ ಬಿಟ್ಟು ಹೋಗಲು ಅವಕಾಶ ಕೊಡಿ ಎಂದು ಬೇಡಿಕೊಂಡ. ಪತ್ರ ಕಚೇರಿಯಿಂದ ಕಚೇರಿಗೆ ಅಲೆದು ಕಡತ ಸೇರಿತು. ಅವನನ್ನೂ ಹೆಂಡತಿಯನ್ನೂ 1941ರಲ್ಲಿ ಪೋಲೆಂಡಿನ ಲೋಡ್ಜ್ ನಗರದ ಯಹೂದಿ ಕೇರಿಗೆ ಸಾಗಿಸಿದರು. ಮಾರ್ಗನ್‌ಸ್ಟರ್ನ್ 1943ರಲ್ಲಿ ಅಲ್ಲೇ ತೀರಿಕೊಂಡ.