ಮೋತಿಯ ಕಾಲು, ನನ್ನ ಚಪ್ಪಲಿ

ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಉಪ್ಪಿನಕಾಯಿಯ ಜಾಡಿಗಿಂತ ಎತ್ತರದ ಸ್ಥಾನ ನನ್ನ ಚಪ್ಪಲಿಗಳಿಗಿತ್ತು. ಅದಕ್ಕೆ ಕಾರಣ ಮೋತಿ.

ಸಿರಾ ಕಡೆಯ ಕುರಿಹಟ್ಟಿಯೊಂದರಿಂದ ನನ್ನ ಮಗ ಅದನ್ನು ಪುಟ್ಟ ಮರಿಯಾಗಿ ಮಧುಗಿರಿಗೆ ತಂದಾಗ ಮುದ್ದಿಸದವರೇ ಇರಲಿಲ್ಲ. ವರ್ಷ ತುಂಬುವುದರೊಳಗೆ ಮರಿ ಮಾಯವಾಗಿ, ಉದ್ದ ಕಾಲಿನ, ಸಣ್ಣ ನಡುವಿನ ನಾಯಿಯೊಂದು ಎದುರಿಗೆ ನಿಂತಿತ್ತು. ಮಗ ಓದಲೆಂದು ಬೆಂಗಳೂರಿಗೆ ಹೊರಟುಹೋದ. ಮೋತಿ ಪಡಸಾಲೆಯ ಕಂಬಕ್ಕೆ ಬಂದಿತು. ನಾಲ್ಕು ಮೊಳದ ಸರಪಳಿ, ಎರಡು ಹೊತ್ತು ಅನ್ನ. ನಾಯಿಗೆ ಇದಕ್ಕಿಂತ ಹೆಚ್ಚಿನ ಸುಖವೇನು ಬೇಕು ಎಂದುಕೊಂಡೆ.

ಮುಧೋಳ ನಾಯಿಯ ಅಂಚೆಚೀಟಿ 2005ರಲ್ಲಿ ಹೊರಬಂದಾಗ ಅದನ್ನು ಕೊಂಡು ಆಲ್ಬಮ್ಮಿಗೆ ಸೇರಿಸಿದವನು ನಾನು. 'ಓಟಕ್ಕೆಂದೇ ಹುಟ್ಟಿದ ಜಾತಿಯಪ್ಪಾ ಇದು' ಎಂದು ಚಿಕ್ಕವನಾಗಿದ್ದ ಮಗನಿಗೆ ವಿವರಿಸಿದವನೂ ನಾನೇ. ಕಂಬಕ್ಕೆ ಕಟ್ಟಿದ ಜೀವಂತ ನಾಯಿಯ ವಿಷಯದಲ್ಲಿ ಮಾತ್ರ ಆ ಜ್ಞಾನ ಉಪಯೋಗಕ್ಕೆ ಬರಲಿಲ್ಲ.

ಮೋತಿ ಮೂರು ಜೊತೆ ಚಪ್ಪಲಿ ಕಡಿಯಿತು. ಬಾಗಿಲನ್ನು ಪರಚಿತು. ನನ್ನಾಕೆಯ ಕನಕಾಂಬರದ ಪಾತಿಯನ್ನು ಬುಡಸಮೇತ ಬಗೆಯಿತು. ಅಂಚೆಯವನು ಬೀದಿಯ ತಿರುವಿನಲ್ಲಿರುವಾಗಲೇ ಬೊಗಳಲು ಆರಂಭಿಸುತ್ತಿತ್ತು. ಗದರಿದೆ, ನಾಚಿಕೆಯಿಂದ ಹೇಳುತ್ತೇನೆ, ಒಮ್ಮೆ ಬೆತ್ತವನ್ನೂ ಎತ್ತಿದೆ. ಅಂದಿನಿಂದ ನನ್ನನ್ನು ಕಂಡರೆ ಅದು ಬಾಲವನ್ನು ಒಳಕ್ಕೆಳೆದುಕೊಳ್ಳತೊಡಗಿತೇ ಹೊರತು ಚೇಷ್ಟೆಯನ್ನು ಬಿಡಲಿಲ್ಲ.

ಒಂದು ಸಂಜೆ ಸರಪಳಿ ಬಿಚ್ಚಿದೊಡನೆ ಹಾರಿಹೋಗಿ ಪಕ್ಕದ ಮನೆಯ ಮಗುವನ್ನು ಕೆಡವಿಬಿಟ್ಟಿತು. ಆಟಕ್ಕೇ ಹಾರಿತ್ತು, ಪೆಟ್ಟೂ ಆಗಲಿಲ್ಲ. ಆದರೆ ನನ್ನಾಕೆಯ ಕೈ ನಡುಗುತ್ತಿತ್ತು. "ಮಗುವಿಗೆ ಏನಾದರೂ ಆಗಿದ್ದರೆ ಏನು ಗತಿ ಅಂದ್ರೆ? ಎಲ್ಲಿಗಾದರೂ ಕಳಿಸಿಬಿಡಿ" ಎಂದಳು. ಪಾವಗಡದ ಕಡೆ, ತಿರುಮಣಿಯ ಸಮೀಪದಲ್ಲಿ ಹೊಲವಿದ್ದ ನನ್ನ ಭಾವಮೈದುನ ಒಪ್ಪಿದ. ವ್ಯಾನು ಹತ್ತುವಾಗ ಮೋತಿ ನನ್ನತ್ತ ತಿರುಗಿ ನೋಡಿತು. ನಾನು ಬೇರೆ ಕಡೆ ನೋಡಿದೆ.

ತಿಂಗಳು ಕಳೆದ ಮೇಲೆ ಮನಸ್ಸು ತಡೆಯದೆ ಅಲ್ಲಿಗೆ ಹೋದೆ. ಸುಮಾರು 13,000 ಎಕರೆಯಲ್ಲಿ ಸೌರಫಲಕಗಳನ್ನು ಹಾಸಿ ಬಿಸಿಲನ್ನೇ ಬೆಳೆಯಾಗಿ ಕೊಯ್ಯುವ ಸೀಮೆ ಅದು. ನಡುಮಧ್ಯಾಹ್ನ ಬೇವಿನ ಮರದ ನೆರಳಿನಲ್ಲಿ ಕುರಿಗಳು ಮಲಗಿದ್ದವು. ಅವುಗಳ ನಡುವೆ ಮೋತಿ! ಮರಕ್ಕೆ ನೇತುಹಾಕದೆ ನೆಲದ ಮೇಲೆಯೇ ಬಿಟ್ಟಿದ್ದ ಕುರಿಗಾಹಿಯ ಕೆರ ಅದರ ಮೂತಿಯ ಪಕ್ಕದಲ್ಲೇ ಇತ್ತು. ಒಂದು ಹಲ್ಲಿನ ಗುರುತೂ ಇರಲಿಲ್ಲ.

"ಇದು ಕಡಿಯುವುದಿಲ್ಲವೇ?" ಎಂದೆ.

ಮುದುಕ ನಕ್ಕ. "ಬೆಳಗಾನ ಸಂಜೀತಂಕ ಕುರಿ ಜೊತೆ ನಡೀತೈತೆ ಸ್ವಾಮಿ. ನಾಯೀದೇನು ತಪ್ಪು? ಕಾಲು ಕಟ್ಟಾಕಿದ್ರೆ ಬಾಯಿ ಸುಮ್ಕಿರ್ತದಾ?"

ಆ ಮಾತು ನನ್ನನ್ನೇ ಕಂಬಕ್ಕೆ ಕಟ್ಟಿ ಕೇಳಿದಂತಿತ್ತು. ಮೋತಿಯನ್ನು ಮರಳಿ ಕರೆತಂದೆ. ನನ್ನಾಕೆ ಒಂದೇ ಕರಾರು ಹಾಕಿದಳು: ನಡೆಸುವ ಹೊಣೆ ನನ್ನದು.

ಅಂದಿನಿಂದ ದಿನವೂ ನಸುಕಿನಲ್ಲಿ ಒಂದು ಗಂಟೆ, ಬಿಸಿಲು ಇಳಿದ ಮೇಲೆ ಅರ್ಧ ಗಂಟೆ, ಬೆಟ್ಟದ ಬುಡದ ದಾರಿಯಲ್ಲಿ ನಮ್ಮ ಸಂಚಾರ. ಮೊದಲು ಹಗ್ಗ ಎಳೆದು ಅವಸರಪಡಿಸುತ್ತಿದ್ದೆ. "ಮೂಸಲು ಬಿಡಿ, ನಾವು ಪತ್ರಿಕೆ ಓದಿದಂತೆ ಅವು ವಾಸನೆ ಓದುತ್ತವೆ. ಕಾಲಿನಷ್ಟೇ ಮೂಗೂ ದಣಿಯಬೇಕು" ಎಂದರು ಪಶುವೈದ್ಯರು. 3,930 ಅಡಿ ಎತ್ತರದ ಆ ಏಕಶಿಲೆಯ ಬುಡದಲ್ಲಿ ಮೋತಿ ಒಂದೊಂದು ಪೊದೆಯನ್ನೂ ಪರಾಮರ್ಶಿಸುವಾಗ ನಾನು ತಾಳ್ಮೆಯನ್ನು ಅಭ್ಯಾಸ ಮಾಡುತ್ತಿದ್ದೆ.

ಕೆಲವೇ ವಾರಗಳಲ್ಲಿ ಕಡಿಯುವುದು, ಬಗೆಯುವುದು ನಿಂತವು. ಬೊಗಳುವುದು ಕಡಿಮೆಯಾಯಿತು. ಆದರೆ ನಡಿಗೆಯೇ ಸರ್ವರೋಗಕ್ಕೂ ಮದ್ದೆಂದು ನಾನು ಸಾರಲಾರೆ. ದೀಪಾವಳಿಯ ಪಟಾಕಿಗೆ ಮೋತಿ ಈಗಲೂ ಮಂಚದಡಿ ಸೇರುತ್ತದೆ; ಭಯವನ್ನು ನಡೆಸಿ ಕಳೆಯಲಾಗದು, ಜೊತೆಗೆ ಕುಳಿತು ಧೈರ್ಯ ಕೊಡಬೇಕು. ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಗುರ್ ಎಂದರೆ ಎಲ್ಲೋ ನೋವಿರಬಹುದು. ಹಗ್ಗ ಹಿಡಿಯುವ ಮೊದಲು ವೈದ್ಯರಿಗೆ ತೋರಿಸಬೇಕೆಂದೂ ಅವರೇ ಎಚ್ಚರಿಸಿದ್ದಾರೆ. ಇನ್ನು, ನನ್ನ ಬೆತ್ತದ ನೆನಪು ಅಳಿಯಲು ವಾರಗಳು ಸಾಲಲಿಲ್ಲ. ನಾನು ಕೈಯೆತ್ತಿ ತಲೆ ಬಾಚಿಕೊಂಡರೂ ಅದು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅದು ಬಾಲ ಅಲ್ಲಾಡಿಸುತ್ತ ತಾನಾಗಿ ನನ್ನ ಬಳಿ ಬಂದದ್ದು ಮುಂದಿನ ಯುಗಾದಿಯ ಹೊತ್ತಿಗೆ.

ಈಗ ನನ್ನ ಚಪ್ಪಲಿಗಳು ಹೊಸ್ತಿಲ ಬಳಿ ನೆಲದ ಮೇಲೆಯೇ ಇರುತ್ತವೆ. ಮೋತಿ ಅವನ್ನು ಮುಟ್ಟುವುದಿಲ್ಲ. ಆದರೂ ವರ್ಷಕ್ಕೆ ಎರಡು ಜೊತೆ ಹಾಳಾಗುತ್ತಲೇ ಇವೆ — ಅಟ್ಟೆ ಸವೆದು.