ಶನಿವಾರಸಂತೆಯ ದಾರಿ, ಏರ್ ಮಾರ್ಷಲ್‌ರ ಆಕಾಶ

ಚನ್ನರಾಯಪಟ್ಟಣದ ತೆಂಗಿನ ತೋಟಗಳು ಹಿಂದೆ ಸರಿದು, ಹೊಳೆನರಸೀಪುರದಲ್ಲಿ ಹೇಮಾವತಿ ಕಾಣಿಸುವ ಹೊತ್ತಿಗೆ ಬಿಸಿಲು ಚುರುಕಾಗಿತ್ತು. ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳು. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ನೆಲದ ಬಣ್ಣವೇ ಬೇರೆ. ರಾಗಿ, ಜೋಳದ ಹೊಲಗಳ ನಡುವೆ ಮೊದಲು ಒಂದೆರಡು ಸಿಲ್ವರ್ ಓಕ್, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಆಮೇಲೆ ಕಾಫಿಯೋ ಕಾಫಿ. ಕೊಡ್ಲಿಪೇಟೆ ಬಂತೆಂದರೆ ಹಾಸನ ಜಿಲ್ಲೆ ಮುಗಿದು ಕೊಡಗು ಶುರುವಾಯಿತು. ಮುಂದಿನದೇ ಶನಿವಾರಸಂತೆ.

ಅಂಗಡಿಸಾಲು, ಹಸಿಮೆಣಸಿನಕಾಯಿ ಮೂಟೆ ಇಳಿಸುವ ಆಳುಗಳು, ಕೂಗುವ ಕಂಡಕ್ಟರ್. ಇಷ್ಟು ಸಾದಾ ಊರಿನಲ್ಲಿ ಹುಟ್ಟಿದವರು ಕೆ.ಎಂ. ಕಾರ್ಯಪ್ಪ! 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು, 1986ರಲ್ಲಿ ಫೀಲ್ಡ್ ಮಾರ್ಷಲ್ ಆದವರು. ಆದರೆ ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಅವರ ಮಗ, ಕೊಡಂದೇರ ನಂದಾ ಕಾರ್ಯಪ್ಪ. ಅಪ್ಪ ನೆಲದ ಸೈನ್ಯ ನಂಬಿದರೆ ಮಗ ಹೊಕ್ಕದ್ದು ವಾಯುಪಡೆ.

1965ರ ಭಾರತ-ಪಾಕಿಸ್ತಾನ ಯುದ್ಧ, ಸೆಪ್ಟೆಂಬರ್ 22. ಇಪ್ಪತ್ತನೇ ಸ್ಕ್ವಾಡ್ರನ್ನಿನ ಹಂಟರ್ ವಿಮಾನಗಳು ಗಡಿಯಾಚೆ ಶತ್ರುನೆಲೆಗಳ ಮೇಲೆ ಎರಗಿದ್ದವು. ನೆಲದಿಂದ ಸಿಡಿದ ಗುಂಡು ನಂದಾ ಅವರ ವಿಮಾನಕ್ಕೆ ತಗುಲಿತು. ಹಂಟರ್‌ನಲ್ಲಿ ಒಬ್ಬನಿಗೇ ಜಾಗ, ಏನು ಮಾಡೋಣವೆಂದು ಕೇಳಲು ಪಕ್ಕದಲ್ಲಿ ಇನ್ನೊಬ್ಬನಿಲ್ಲ. ಕೂತ ಆಸನದ ಸಮೇತ ಹೊರಚಿಮ್ಮಿದರು. ಬೆನ್ನುಮೂಳೆಗೆ ಪೆಟ್ಟಾಗಿ ಬಿದ್ದಲ್ಲೇ ಸೆರೆಯಾದರು. ಮರುದಿನ ಬೆಳಗಿನ ಜಾವಕ್ಕೆ ಕದನವಿರಾಮ! ಕೆಲವೇ ಗಂಟೆಗಳ ಅಂತರ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹೆಸರು, ಹುದ್ದೆ, ಸಂಖ್ಯೆ. ಸೆರೆಯಾಳು ಹೇಳಬೇಕಾದದ್ದು ಇಷ್ಟೇ. ಆದರೆ ಆ ಹೆಸರೇ ಗುಟ್ಟು ಬಿಟ್ಟುಕೊಟ್ಟಿತು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಹಳೆಯ ಅಧಿಕಾರಿಯ ಮಗನನ್ನು ಬಿಟ್ಟುಕೊಡಲು ಸಿದ್ಧರೆಂದು ಹೇಳಿ ಕಳಿಸಿದರು. ನಿವೃತ್ತರಾಗಿ ಮಡಿಕೇರಿಯಲ್ಲಿದ್ದ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬ ಉತ್ತರ ಹೋಯಿತು. ಮನೆಯೊಳಗೆ ಆ ರಾತ್ರಿಗಳು ಹೇಗೆ ಕಳೆದವೋ! ಅಯೂಬರ ಪತ್ನಿ ಮತ್ತು ಹಿರಿಯ ಮಗ ನಂದಾ ಅವರನ್ನು ನೋಡಲು ಬಂದರಂತೆ, ಕೈಯಲ್ಲಿ ಸಿಗರೇಟು ಮತ್ತು ವುಡ್‌ಹೌಸ್‌ನ ಒಂದು ಕಾದಂಬರಿ. ಶತ್ರುದೇಶದ ಸೆರೆಯಲ್ಲಿ ನಗೆಯ ಪುಸ್ತಕ!

1966ರ ಜನವರಿಯಲ್ಲಿ, ತಾಷ್ಕೆಂಟ್ ಒಪ್ಪಂದದ ನಂತರ, ನಂದಾ ಮರಳಿದರು. ಅಪ್ಪನ ಶಿಫಾರಸಿನಿಂದಲ್ಲ, ಉಳಿದವರ ಹಾಗೆಯೇ. ಪೆಟ್ಟು ತಿಂದ ಬೆನ್ನನ್ನೇ ಹೊತ್ತು ಮತ್ತೆ ವಾಯುಪಡೆಯಲ್ಲಿ ಮೆಟ್ಟಿಲೇರುತ್ತಾ ಏರ್ ಮಾರ್ಷಲ್ ಆದರು. ಸೈನ್ಯದ ಲೆಫ್ಟಿನೆಂಟ್ ಜನರಲ್‌ಗೆ ಸಮನಾದ ಹುದ್ದೆ ಅದು. ನಿವೃತ್ತಿಯ ನಂತರ ಮಡಿಕೇರಿಯ 'ರೋಶನಾರಾ' ಮನೆಗೆ ಬಂದು ತಂದೆಯ ಜೀವನಚರಿತ್ರೆ ಬರೆದರು. ಯುದ್ಧದ ಕಥೆಗಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಇದು, ತನ್ನನ್ನು ಬಿಡಿಸಿಕೊಳ್ಳಲು ಒಪ್ಪದ ಅಪ್ಪನ ಬಗ್ಗೆ ಮಗನೇ ಅಕ್ಕರೆಯಿಂದ ಬರೆದದ್ದು.

ಸೋಮವಾರಪೇಟೆ ಹಾದು ಮಡಿಕೇರಿ ಮುಟ್ಟಿದಾಗ ಮಂಜು ಇಳಿಯುತ್ತಿತ್ತು. ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತ. ಅದೇ 1965ರ ಸೆಪ್ಟೆಂಬರ್ 7ರಂದು, ಸರ್ಗೋಧಾ ದಾಳಿಯಲ್ಲಿ, ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದ ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಅನ್ನು ಉರುಳಿಸಿ, ಮರಳದೆ ಹೋದವರು. ಅವರ ಸಾಹಸ ನಮಗೆ ತಿಳಿದದ್ದು ಎದುರಾಳಿಗಳ ಕಡೆಯ ವಿವರಗಳಿಂದ, ವರ್ಷಗಳ ಮೇಲೆ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನಂದಾ ಅವರು ಸೆರೆಸಿಕ್ಕಿದ್ದಕ್ಕೂ ಇವರು ಬಿದ್ದದ್ದಕ್ಕೂ ನಡುವೆ ಹದಿನೈದೇ ದಿನ. ಒಂದೇ ಪುಟ್ಟ ನಾಡಿನ ಇಬ್ಬರು, ಒಂದೇ ಆಕಾಶ!