ಎಲ್ಲಿ ಉಣ್ಣೋಣ?

ನಮ್ಮ ಬಾಲ್ಯದಲ್ಲಿ ‘ಏನು ಉಣ್ಣೋಣ’ ಎಂಬ ಪ್ರಶ್ನೆಯೇ ವಿರಳವಾಗಿತ್ತು. ‘ಎಲ್ಲಿ ಉಣ್ಣೋಣ’ ಎಂಬುದಂತೂ ಹುಟ್ಟಿಯೇ ಇರಲಿಲ್ಲ. ಮನೆಯಲ್ಲಿ ತಾಯಿ ಬಡಿಸಿದ್ದು ಊಟ; ಪರಸ್ಥಳಕ್ಕೆ ಹೊರಟರೆ ಬಟ್ಟೆಯಲ್ಲಿ ಕಟ್ಟಿಕೊಂಡದ್ದು ಬುತ್ತಿ. ಪರಾನ್ನವನ್ನು ವರ್ಜಿಸಬೇಕೆಂಬುದು ನಮ್ಮ ತೀರ್ಥರೂಪರ ನಿಯಮವಾಗಿತ್ತು. ಅವರ ಶಾಸ್ತ್ರಜ್ಞಾನದಲ್ಲಿ ನಮಗೆ ದಕ್ಕಿದ್ದು ಸ್ವಲ್ಪವಾದರೂ ಈ ಒಂದು ನಿಯಮವನ್ನು ಮಾತ್ರ ನಾವು ಅರುವತ್ತು ವರ್ಷಗಳ ತನಕ ಬಹುಮಟ್ಟಿಗೆ ಕಾಪಾಡಿಕೊಂಡು ಬಂದಿದ್ದೆವು. ಆ ಕಾಪಾಡಿಕೆಯಲ್ಲಿ ಧರ್ಮವೆಷ್ಟು, ದರ್ಪವೆಷ್ಟು ಎಂಬುದನ್ನು ತೂಗಿ ನೋಡುವ ಸಂದರ್ಭವು ಕಳೆದ ಸಂಕ್ರಾಂತಿಯ ಮರುದಿನ ಒದಗಿತು. ಅದನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ.

ಜರ್ಮನಿಯಲ್ಲಿ ಕೆಲಸದಲ್ಲಿರುವ ನಮ್ಮ ಕುಮಾರನು ಪತ್ನೀಪುತ್ರಿಯರೊಡನೆ ಹಬ್ಬಕ್ಕೆಂದು ಕಂಪ್ಲಿಗೆ ಬಂದಿದ್ದನು. ಮೊಮ್ಮಗಳಿಗೆ ಆರು ವರ್ಷ. ಅವಳಿಗೆ ಹಂಪೆಯನ್ನು ತೋರಿಸಬೇಕೆಂದು ಬೆಳಗಿನ ಜಾವದಲ್ಲಿಯೇ ಐವರೂ ಹೊರಟೆವು. ಬುತ್ತಿ ಕಟ್ಟುತ್ತೇನೆಂದು ನಮ್ಮ ಗೃಹಿಣಿಯು ಹಿಂದಿನ ರಾತ್ರಿಯೇ ಹೇಳಿದ್ದಳು. “ಅಮ್ಮಾ, ಒಂದು ದಿವಸವಾದರೂ ಒಲೆಯ ಮುಂದಿನಿಂದ ಏಳು, ಅಲ್ಲಿ ಲೋಕದ ಊಟವೆಲ್ಲ ಸಿಕ್ಕುತ್ತದೆ” ಎಂದು ಮಗನು ತಡೆದನು. ಲೋಕದ ಊಟವೆಲ್ಲ ಸಿಕ್ಕುವ ಸ್ಥಳದಲ್ಲಿ ನಮ್ಮ ಊಟ ಸಿಕ್ಕೀತೇ ಎಂದು ಕೇಳಬೇಕೆನ್ನಿಸಿದರೂ ಸುಮ್ಮನಾದೆವು.

ಕಮಲಾಪುರದ ಕಡೆಯಿಂದ ಪ್ರವೇಶಿಸಿ ಮೊದಲು ಅರಮನೆಯ ಪ್ರಾಂಗಣವನ್ನು ನೋಡಿದೆವು. ಅಲ್ಲಿಗೆ ಸಮೀಪದಲ್ಲಿ ಜನರು ಭೋಜನಶಾಲೆಯೆಂದು ಕರೆಯುವ ಒಂದು ಸ್ಥಳವುಂಟು. ನೀರು ಹರಿಯುವ ಕಾಲುವೆಯ ಎರಡು ಮಗ್ಗುಲಿಗೂ ಕಲ್ಲಿನಲ್ಲಿ ಕಡೆದ ತಟ್ಟೆಗಳ ಸಾಲು. ತಟ್ಟೆಯೊಳಗೆ ಪಲ್ಯ ಚಟ್ನಿಗಳಿಗೆಂಬಂತೆ ಸಣ್ಣ ಸಣ್ಣ ಕುಳಿಗಳು. ಮೊಮ್ಮಗಳು ಒಂದು ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, “ತಾತಾ, ಇಲ್ಲಿ ಯಾರು ಕೂಡುತ್ತಿದ್ದರು?” ಎಂದಳು. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನಾಲಿಗೆ ಸುಮ್ಮನಿರುವುದೇ? “ಬಂದವರೆಲ್ಲ ಕೂಡುತ್ತಿದ್ದರು, ಮಗು. ನೋಡು, ಎಲ್ಲವೂ ಒಂದೇ ನೆಲಮಟ್ಟದಲ್ಲಿವೆ, ಮೇಲಿನ ತಟ್ಟೆ, ಕೆಳಗಿನ ತಟ್ಟೆ ಎಂಬುದಿಲ್ಲ” ಎಂದು ಉಪನ್ಯಾಸವನ್ನೇ ಮಾಡಿಬಿಟ್ಟೆವು. ಅಲ್ಲಿ ನಿಜವಾಗಿ ಯಾರು ಕುಳಿತರೆಂಬುದನ್ನು ಬಲ್ಲವರಾರು? ಆದರೆ ಉಪದೇಶಕ್ಕೆ ಅದು ಅನುಕೂಲವಾಗಿತ್ತು. ಈ ಮಾತನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮಧ್ಯಾಹ್ನ ಅದು ನಮ್ಮ ಮೇಲೆಯೇ ತಿರುಗಿಬಿದ್ದಿತು.

ವಿರೂಪಾಕ್ಷನ ದರ್ಶನವಾದ ಮೇಲೆ ಬುಕ್ಕಸಾಗರದ ಸೇತುವೆಯನ್ನು ದಾಟಿ, ಆನೆಗೊಂದಿಯ ಮೇಲೆ ಹಾಯ್ದು ಸಾಣಾಪುರವನ್ನು ಸೇರಿದಾಗ ಹನ್ನೆರಡೂವರೆ ಘಂಟೆ. ಹಿಂದೆ ಇಂಥ ಭೋಜನಗೃಹಗಳು ಹಂಪೆಯ ತೇರುಬೀದಿಯಲ್ಲಿಯೂ, ಹೊಳೆಯಾಚೆಯ ವಿರೂಪಾಪುರಗಡ್ಡೆಯಲ್ಲಿಯೂ ಕಿಕ್ಕಿರಿದಿದ್ದವು. ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ತರುವಾಯ ದೇಶದೇಶಗಳ ಯಾತ್ರಿಕರು ಹೆಚ್ಚಿದರು. ಅವರೊಡನೆ ಅಂಗಡಿಗಳೂ ಹೆಚ್ಚಿದವು. ತೇರುಬೀದಿಯ ಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನು 2011ರಲ್ಲಿ ತೆರವು ಮಾಡಲಾಯಿತು. ಗಡ್ಡೆಯಲ್ಲಿದ್ದ ಕಟ್ಟಡಗಳು ಅನಧಿಕೃತವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಾಗಿ ಅವುಗಳನ್ನೂ ಕೆಡವಲಾಯಿತು. ಹಳೆಯ ಕಲ್ಲು ಉಳಿಯಬೇಕೆಂಬುದು ನ್ಯಾಯ. ಅನ್ನದ ದಾರಿ ತಪ್ಪಿದವನ ನಿಟ್ಟುಸಿರೂ ಸುಳ್ಳಲ್ಲ. ಹೀಗೆ ಎದ್ದವರಲ್ಲಿ ಕೆಲವರು ಸಾಣಾಪುರದ ಗದ್ದೆಗಳ ಬದಿಯಲ್ಲಿ ಮತ್ತೆ ಒಲೆ ಹೂಡಿದ್ದಾರೆ.

ಅಲ್ಲಿಯ ಫಲಕಗಳನ್ನು ಏನೆಂದು ವರ್ಣಿಸೋಣ! ಒಂದರಲ್ಲಿ ಇಟಲಿಯ ಪೀಟ್ಜಾ, ಪಾಸ್ತಾ. ಮತ್ತೊಂದರಲ್ಲಿ ಟಿಬೇಟಿನ ಮೊಮೊ, ಅಂದರೆ ನಮ್ಮ ಕಡುಬಿನ ಜ್ಞಾತಿ. ಇನ್ನೊಂದರಲ್ಲಿ ಚೀಣರ ನೂಡಲ್ಸು. ಅದರ ಪಕ್ಕದಲ್ಲಿ ಇಸ್ರೇಲಿನವರ ಹಮ್ಮಸ್ ಮತ್ತು ಫಲಾಫೆಲ್, ಕೆಳಗೆ ಹೀಬ್ರೂ ಲಿಪಿಯಲ್ಲಿ ಅದರ ಅನುವಾದ. ದೇವನಾಗರಿಯನ್ನೂ ಗ್ರಂಥಾಕ್ಷರವನ್ನೂ ಬಲ್ಲ ನಾವು ನಮ್ಮ ಹೊಳೆಯ ದಂಡೆಯಲ್ಲಿಯೇ ನಿರಕ್ಷರಕುಕ್ಷಿಗಳಾಗಿ ನಿಂತೆವು.

ಚರ್ಚೆ ಆರಂಭವಾಯಿತು. ಮಗನು ಕೈಯಲ್ಲಿಯ ಫೋನನ್ನು ನೋಡಿ ಯಾವ ಅಂಗಡಿಗೆ ಎಷ್ಟು ನಕ್ಷತ್ರಗಳೆಂದು ಹೇಳತೊಡಗಿದನು. ಸೊಸೆಗೆ ಇಟಲಿಯ ಅಡಿಗೆಯಾಗಬೇಕು. ಮಗುವಿಗೆ ಖಾರವಿಲ್ಲದ್ದು ಯಾವುದಾದರೂ ಸರಿ. ನಮ್ಮ ಗೃಹಿಣಿಗೆ ಏನಾದರೂ ಆದೀತು, ಆದರೆ ಒಂದು ಘಂಟೆಯೊಳಗೆ ಆಗಬೇಕು, ಏಕೆಂದರೆ ಆಕೆಗೆ ಸಕ್ಕರೆಯ ರೋಗವುಂಟು. ನಾವು ಒಗ್ಗರಣೆ ಮಿರ್ಚಿಯೇ ಮೊದಲಾದ ನಮ್ಮ ಸೀಮೆಯ ತಿನಿಸುಗಳ ಗುಣವನ್ನು ಹೊಗಳಿ, “ಪರದೇಶದ್ದು ನಮಗೆ ಬೇಡ, ಎರಡು ಬಾಳೆಯ ಹಣ್ಣು ಸಾಕು” ಎಂದೆವು. ತ್ಯಾಗದಂತೆ ಕಾಣುವ ಇಂಥ ಮಾತಿನಷ್ಟು ಸಂಸಾರವನ್ನು ಕಾಡುವ ವಸ್ತು ಬೇರೊಂದಿಲ್ಲ. ಒಬ್ಬನು ಉಪವಾಸ ಕುಳಿತರೆ ಉಳಿದವರ ಗಂಟಲಲ್ಲಿ ತುತ್ತು ಇಳಿಯುವುದು ಹೇಗೆ? ಮಗನ ಮುಖ ಸಣ್ಣದಾಯಿತು. ಗೃಹಿಣಿಯು ಮೆಲ್ಲನೆ, “ಮಿರ್ಚಿ ನಮ್ಮ ದೇಶದ್ದೆಂದು ಯಾರು ಹೇಳಿದರು? ನೀವೇ ಪಾಠದಲ್ಲಿ ಹೇಳುತ್ತಿದ್ದಿರಲ್ಲ” ಎಂದಳು.

ಆಕೆಯ ಮಾತು ದಿಟ. ಮೆಣಸಿನಕಾಯಿಯೂ ಶೇಂಗಾ, ಟೊಮೇಟೊ, ಆಲೂಗಡ್ಡೆಗಳೂ ಮೂಲತಃ ಅಮೇರಿಕ ಖಂಡದವು. ಮೆಣಸಿನಕಾಯಿಯು ಪೋರ್ತುಗೀಜರ ಹಡಗುಗಳೊಡನೆ ನಮ್ಮ ಕರಾವಳಿಗೆ ಬಂದಿತು. ಹಕ್ಕಬುಕ್ಕರ ಕಾಲದ ಅಡಿಗೆಮನೆಯಲ್ಲಿ ಕಾಳುಮೆಣಸಿನ ಖಾರವಿತ್ತೇ ಹೊರತು ಮಿರ್ಚಿಯಿರಲಿಲ್ಲ. ಇನ್ನು ಪರದೇಶಿಗಳು ಈ ನೆಲಕ್ಕೆ ಹೊಸಬರೇ? ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಡೊಮಿಂಗೊ ಪಾಯೆಸನು ಈ ಪಟ್ಟಣದಲ್ಲಿ ಎಲ್ಲ ರಾಷ್ಟ್ರಗಳ ಜನರೂ ಇರುವರೆಂದು ಬರೆದಿದ್ದಾನೆ. ಅವನಿಗೂ ಮೊದಲು, 1443ರಲ್ಲಿ, ಹಿರಾತದ ಷಾರೂಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನಿಗೆ ಎರಡನೆಯ ದೇವರಾಯನು ಪ್ರತಿದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ ಮತ್ತು ಎರಡು ವರಹಗಳನ್ನು ಕಳುಹಿಸುತ್ತಿದ್ದನಂತೆ. ಇದರಲ್ಲಿ ನಾವು ಕಾಣುವ ಸ್ವಾರಸ್ಯವೇನೆಂದರೆ, ದೊರೆಯು ಅತಿಥಿಗೆ ಸಾಮಗ್ರಿಯನ್ನು ಕೊಟ್ಟನು. ಅಡಿಗೆಯ ಬಗೆಯನ್ನು ಅತಿಥಿಗೇ ಬಿಟ್ಟನು.

ಹೀಗೆ ಇತಿಹಾಸವೆಲ್ಲ ನಮ್ಮ ವಿರುದ್ಧವಾಗಿ ಸಾಕ್ಷಿ ನುಡಿಯುತ್ತಿರಲಾಗಿ, ಬಳಿಯ ಒಂದು ಸಣ್ಣ ಅಂಗಡಿಯಿಂದ ಸುಮಾರು ನಲವತ್ತೈದು ವಯಸ್ಸಿನವನೊಬ್ಬನು ಓಡಿಬಂದು ನಮ್ಮ ಪಾದವನ್ನು ಮುಟ್ಟಿದನು. “ಗುರುಗಳೇ, ಗುರುತು ಹತ್ತಿತೇ?” ಎಂದನು. ಗುರುತು ಹತ್ತಿತು. ಹತ್ತಿದೊಡನೆ ಎದೆಯಲ್ಲಿ ಏನೋ ಕುಸಿದಂತಾಯಿತು.

ಮೂವತ್ತು ವರ್ಷಗಳ ಹಿಂದಿನ ಮಾತು. ಹೊಳೆಯ ದಂಡೆಯ ಒಂದು ಶಾಲೆಯಲ್ಲಿ ನಾವು ಕನ್ನಡ ಸಂಸ್ಕೃತಗಳನ್ನು ಕಲಿಸುತ್ತಿದ್ದೆವು. ಪ್ರತಿದಿನವೂ ಕರಿಹಲಗೆಯ ಮೇಲ್ಭಾಗದಲ್ಲಿ ಮಾಸ, ಪಕ್ಷ, ತಿಥಿ, ವಾರಗಳನ್ನು ಬರೆದು ಮಕ್ಕಳಿಂದ ಓದಿಸುವುದು ನಮ್ಮ ಪದ್ಧತಿ. ಇವನು ಹರಿಗೋಲು ನಡೆಸುವವರ ಮನೆಯ ಹುಡುಗ. ತರಗತಿಯಲ್ಲಿ ಎಲ್ಲರಿಗಿಂತಲೂ ಸ್ಪಷ್ಟವಾಗಿ ಓದುತ್ತಿದ್ದನು. ಒಂದು ಸಂಕ್ರಾಂತಿಯ ಮರುದಿನ ಅವನು ಎಳ್ಳು ಹಚ್ಚಿದ ಎರಡು ಸಜ್ಜೆಯ ರೊಟ್ಟಿಗಳನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ತಂದು, “ಅವ್ವ ಕೊಟ್ಟಳು, ಗುರುಗಳೇ, ನಿಮಗೆಂದು” ಎಂದು ಮೇಜಿನ ಮೇಲಿಟ್ಟನು. ನಾವು ಆ ಗಂಟನ್ನು ಮುಟ್ಟದೆ, “ಇಂದು ನಮಗೆ ಏಕಾದಶಿಯಪ್ಪಾ; ನೀನೇ ತಿನ್ನು” ಎಂದೆವು. ನಮ್ಮ ಬೆನ್ನ ಹಿಂದಿನ ಹಲಗೆಯ ಮೇಲೆ, ನಮ್ಮದೇ ಅಕ್ಷರದಲ್ಲಿ, ‘ಚೌತಿ’ ಎಂದು ಬರೆದಿತ್ತು. ಹುಡುಗನು ಒಮ್ಮೆ ಹಲಗೆಯನ್ನು ನೋಡಿ, ಒಮ್ಮೆ ನಮ್ಮನ್ನು ನೋಡಿ, ಗಂಟನ್ನೆತ್ತಿಕೊಂಡು ಹೋದನು. ಏನೂ ಆಡಲಿಲ್ಲ. ಆಡಿದ್ದರೆ ಬಹುಶಃ ನಾವು ಮರೆತುಬಿಡುತ್ತಿದ್ದೆವು.

ಅವನು ಎಲ್ಲರನ್ನೂ ಒಳಗೆ ಕರೆದುಕೊಂಡು ಹೋದನು. ಗಡ್ಡೆಯಲ್ಲಿದ್ದ ಅವನ ಅಂಗಡಿ 2020ರಲ್ಲಿ ಹೋಯಿತಂತೆ. ಸಾಲ ಮಾಡಿ ಇಲ್ಲಿ ಇದನ್ನು ಹೂಡಿದ್ದಾನೆ. ನೆಲದ ಮೇಲೆ ಮೆತ್ತೆಗಳು, ಗಿಡ್ಡ ಮೇಜುಗಳು, ಎದುರಿಗೆ ಹಸುರು ಗದ್ದೆ. ಅಡಿಗೆಯ ಮನೆಯಿಂದ ಸೆರಗಿಗೆ ಕೈಯೊರಸಿಕೊಳ್ಳುತ್ತ ಅವನ ತಾಯಿ ಬಂದಳು. ಎಪ್ಪತ್ತು ದಾಟಿದ ಮುದುಕಿ.

“ಬರ್ರಿ ಗುರುಗಳೇ, ಕುಂದರ್ರಿ. ಹಬ್ಬದ ರೊಟ್ಟಿ ಐತಿ. ಆವತ್ತು ನಾ ಕಳಿಸಿದ್ದ ಎರಡೂ ರೊಟ್ಟಿ ಉಂಡು, ಭಾಳ ರುಚಿ ಐತಿ ಅಂದಿದ್ರಂತ. ನನ್ನ ಮಗ ಬಂದು ಹೇಳಿದ್ದ. ನನಗಿನ್ನೂ ನೆನಪೈತಿ.”

ನಾವು ಅವನ ಕಡೆಗೆ ನೋಡಿದೆವು. ಅವನು ತಲೆ ಬಗ್ಗಿಸಿ ಮೇಜನ್ನೊರಸುತ್ತಿದ್ದನು. ಒರಸಿದ್ದನ್ನೇ ಮತ್ತೆ ಒರಸುತ್ತಿದ್ದನು. ಹನ್ನೆರಡು ವರ್ಷದ ಬಾಲಕನು ತನ್ನ ತಾಯಿಯ ಮನಸ್ಸು ನೋಯದಿರಲೆಂದೂ ತನ್ನ ಗುರುವಿನ ಹೆಸರು ಕೆಡದಿರಲೆಂದೂ ಆಡಿದ ಸುಳ್ಳು ಮೂವತ್ತು ವರ್ಷ ಆ ಮನೆಯಲ್ಲಿ ಸತ್ಯವಾಗಿ ಬಾಳಿತ್ತು. ನಾವು ಆಡಿದ ಸುಳ್ಳೂ ಅದೇ ದಿನದ್ದೇ. ಎರಡನ್ನೂ ತಕ್ಕಡಿಯಲ್ಲಿಟ್ಟರೆ ಯಾವುದು ಮೇಲೇಳುವುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಎಲೆ ಹಾಕಿದರು. ಸಜ್ಜೆಯ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮಗುವಿಗೆಂದು ಅವನು ಹಮ್ಮಸನ್ನು ತಂದನು. ಬೆಂದ ಕಾಬೂಲಿ ಕಡಲೆಯನ್ನೂ ಎಳ್ಳನ್ನೂ ನುಣ್ಣಗೆ ಅರೆದು ನಿಂಬೆಯ ರಸ ಹಿಂಡಿ ಮಾಡುವ ಪದಾರ್ಥವದು, ಖಾರವಿಲ್ಲ. ಇಸ್ರೇಲಿನ ಯಾತ್ರಿಕರು ಗಡ್ಡೆಯಲ್ಲಿ ಅವನ ತಾಯಿಗೇ ಕಲಿಸಿಕೊಟ್ಟರಂತೆ. ಮಗುವು ಸಜ್ಜೆಯ ರೊಟ್ಟಿಯನ್ನು ಮುರಿದು ಹಮ್ಮಸಿನಲ್ಲಿ ಅದ್ದಿ, “ತಾತಾ, ಎರಡರಲ್ಲಿಯೂ ಎಳ್ಳಿದೆ” ಎಂದಳು. ಒಂದು ಘಂಟೆ ಹೊಡೆಯುವುದರೊಳಗೆ ನಮ್ಮ ಗೃಹಿಣಿಯ ಊಟವೂ ಆರಂಭವಾಗಿತ್ತು.

ನಾವು ಮೊದಲನೆಯ ತುತ್ತನ್ನು ಮುರಿದೆವು. ತೀರ್ಥರೂಪರ ನೆನಪಾಯಿತು, ಕೈ ಒಂದು ಕ್ಷಣ ನಿಂತಿತು. ಬಳಿಕ ಉಂಡೆವು. ಎರಡು ರೊಟ್ಟಿಗಳು ಮುಗಿದಾಗ, “ಅಮ್ಮಾ, ಬಹಳ ರುಚಿಯಾಗಿದೆ, ಇನ್ನೊಂದು ನೀಡಿರಿ” ಎಂದೆವು. ಆ ಹುಡುಗನ ಮಾತನ್ನು ಇಷ್ಟು ತಡವಾಗಿಯಾದರೂ ನಿಜಮಾಡುವುದಕ್ಕೆ ನಮಗೆ ತೋಚಿದ ಉಪಾಯ ಅದೊಂದೇ. ತಾಯಿಗೆ ಸತ್ಯವನ್ನು ಹೇಳಬೇಕಾಗಿತ್ತೇ? ಹೇಳಿದ್ದರೆ ನಮ್ಮ ಭಾರ ಇಳಿಯುತ್ತಿತ್ತು. ಆದರೆ ಅದು ಆಕೆಯ ತಲೆಯ ಮೇಲೆ ಬೀಳುತ್ತಿತ್ತು. ಹೇಳಲಿಲ್ಲ.

ಹೊರಡುವಾಗ ಅವನೊಬ್ಬನೇ ಕಾರಿನ ತನಕ ಬಂದನು. “ಅಂದು ಹಲಗೆಯ ಮೇಲೆ ಚೌತಿ ಎಂದಿತ್ತು” ಎಂದೆವು. ಮುಂದಿನ ಮಾತು ಹೊರಡಲಿಲ್ಲ.

“ಗೊತ್ತಿತ್ತು, ಗುರುಗಳೇ” ಎಂದನು, “ಓದಲು ಕಲಿಸಿದವರು ನೀವೇ ಅಲ್ಲವೇ?”

ಅವನ ದನಿಯಲ್ಲಿ ಕೊಂಕಿರಲಿಲ್ಲ. ರೊಟ್ಟಿಗಳನ್ನೇನು ಮಾಡಿದೆಯೆಂದು ಕೇಳಿದೆವು. ಹೊಳೆಯ ದಂಡೆಯಲ್ಲಿ ಕುಳಿತು ತಾನೇ ತಿಂದನಂತೆ, ಬಟ್ಟೆಯನ್ನು ಅಲ್ಲಿಯೇ ಜಾಲಿಸಿಕೊಂಡು ಮನೆಗೆ ಹೋದನಂತೆ. ಊಟದ ಹಣವನ್ನು ಅವನು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಅವನಲ್ಲಿ ನಮ್ಮ ಸಾಲ ಹೀಗೆ ಇನ್ನೂ ಬೆಳೆಯಿತು.

ಸಂಸ್ಕೃತದಲ್ಲಿ ‘ಅತಿಥಿ’ ಎಂಬ ಶಬ್ದವನ್ನು, ಬರುವುದಕ್ಕೆ ಯಾವ ತಿಥಿಯ ನಿಯಮವೂ ಇಲ್ಲದವನು ಎಂದು ಹಿರಿಯರು ಬಿಡಿಸಿ ಹೇಳುತ್ತಾರೆ. ಈ ನಿರ್ವಚನವನ್ನು ನಾವು ತರಗತಿಯಲ್ಲಿ ಪ್ರತಿವರ್ಷವೂ ಬರೆಯಿಸಿದ್ದೇವೆ. ಬಾಗಿಲಿಗೆ ಬಂದವನಿಗೆ ತಿಥಿಯಿಲ್ಲದಿದ್ದ ಮೇಲೆ, ಅವನು ತಂದುದನ್ನು ತಿಥಿಯ ನೆಪದಿಂದ ತಳ್ಳುವ ಅಧಿಕಾರ ನಮಗೆಲ್ಲಿಯದು? ಬರೆಯಿಸಿದವರಿಗೆ ಅದು ತಿಳಿಯಲು ಇಷ್ಟು ವರ್ಷ ಹಿಡಿಯಿತು.

ನಿಯಮಗಳೇ ಬೇಡವೆಂದು ನಾವು ಹೇಳುತ್ತಿಲ್ಲ. ಏಕಾದಶಿಯ ದಿನ ಈಗಲೂ ನಾವು ಉಣ್ಣುವುದಿಲ್ಲ. ಆದರೆ ಅದು ಪಂಚಾಂಗದಲ್ಲಿ ಏಕಾದಶಿಯಾಗಿರುವ ದಿನ ಮಾತ್ರ.

ಮೊನ್ನೆ ಜರ್ಮನಿಯಿಂದ ಮಗುವು ಫೋನಿನಲ್ಲಿ ಮಾತನಾಡುತ್ತ, ಮುಂದಿನ ಸಲ ಬಂದಾಗ ಎಲ್ಲಿ ಉಣ್ಣೋಣವೆಂದು ಕೇಳಿದಳು. ಈ ಸಲ ಚರ್ಚೆಗೆ ಅವಕಾಶವೇ ಆಗಲಿಲ್ಲ.